ಗುಜರಿಯ ಗೃಹಪ್ರವೇಶ

ಅಮೆರಿಕದಲ್ಲಿ ಕಾರು ಸತ್ತರೆ ಅದಕ್ಕೂ ಒಂದು ಸರ್ಟಿಫಿಕೇಟು ಕೊಡುತ್ತಾರೆ. ಸ್ಯಾಲ್ವೇಜ್ ಟೈಟಲ್ ಅಂತ ಅದರ ಹೆಸರು. ಕಾರು ಎಲ್ಲೋ ಗುದ್ದಿಕೊಂಡಿತು, ನೆರೆಯಲ್ಲಿ ಮುಳುಗಿತು, ಇಲ್ಲವೇ ಬೆಂಕಿಗೆ ಸಿಕ್ಕಿತು. ವಿಮೆಯವರು ಬಂದು ನೋಡಿ, ಇದನ್ನು ರಿಪೇರಿ ಮಾಡಿಸುವುದಕ್ಕಿಂತ ಮಾಲೀಕನ ಕೈಗೆ ದುಡ್ಡು ಕೊಟ್ಟು ಕೈತೊಳೆದುಕೊಳ್ಳುವುದೇ ಲೇಸು ಎಂದು ಲೆಕ್ಕ ಹಾಕುತ್ತಾರೆ. ಕಾರು ಅವರದಾಗುತ್ತದೆ, ಕಾಗದದ ಮೇಲೆ ಮುದ್ರೆ ಬೀಳುತ್ತದೆ. ಎಷ್ಟು ಪೆಟ್ಟು ಬಿದ್ದರೆ ಸತ್ತ ಲೆಕ್ಕ ಎನ್ನುವುದರಲ್ಲಿ ರಾಜ್ಯಗಳಿಗೆ ಒಮ್ಮತವಿಲ್ಲ. ಅಲಬಾಮಾದಲ್ಲಿ ರಿಪೇರಿ ಖರ್ಚು ಕಾರಿನ ಬೆಲೆಯ ಶೇ. 75 ಮುಟ್ಟಿದರೆ ಸಾಕು, ಫ್ಲಾರಿಡಾದಲ್ಲಿ ಶೇ. 80. ನಾವಿರುವ ಟೆಕ್ಸಾಸ್‌ನಲ್ಲಿ ಖರ್ಚು ಕಾರಿನ ಇಡೀ ಬೆಲೆಯನ್ನೇ ದಾಟಬೇಕು. ಅಂದರೆ ಅಲಬಾಮಾದಲ್ಲಿ ಇನ್ನೂ ಕೊಂಚ ಉಸಿರಿರುವಾಗಲೇ ಚಟ್ಟ ಕಟ್ಟುತ್ತಾರೆ, ಇಲ್ಲಿ ಪೂರಾ ಹೋದ ಮೇಲೆಯೇ. ಅಂಥದ್ದೊಂದನ್ನು ದುಡ್ಡು ಕೊಟ್ಟು, ಸಾಗಣೆ ಖರ್ಚನ್ನೂ ಕೊಟ್ಟು, ಡಲ್ಲಾಸ್ ಪಕ್ಕದ ನಮ್ಮ ಮನೆಗೆ ತರಿಸಿಕೊಂಡ ಮಹಾನುಭಾವ ನಾನು.

ಅದೂ ಮಾಮೂಲಿ ಕಾರಲ್ಲ, ಸ್ಪೋರ್ಟ್ಸ್ ಕಾರು. ಐವತ್ತರ ಹೊಸ್ತಿಲಿಗೆ ಬಂದ ಸಾಫ್ಟ್‌ವೇರ್ ಗಂಡಸರಿಗೆ ಮ್ಯಾರಥಾನ್ ಓಡುವ ಹುಚ್ಚು, ಶೇರು ಕೊಳ್ಳುವ ಹುಚ್ಚು, ಸ್ಪೋರ್ಟ್ಸ್ ಕಾರಿನ ಹುಚ್ಚು, ಈ ಮೂರರಲ್ಲಿ ಒಂದಾದರೂ ಹಿಡಿಯುತ್ತದೆ. ಮೊದಲನೆಯದಕ್ಕೆ ನನ್ನ ಮಂಡಿ ಒಪ್ಪಲಿಲ್ಲ, ಎರಡನೆಯದಕ್ಕೆ ಹೆಂಡತಿ ಒಪ್ಪಲಿಲ್ಲ. ಮೂರನೆಯದಕ್ಕೆ ನಾನು ಯಾರನ್ನೂ ಕೇಳಲಿಲ್ಲ.

ಕಾರು ಮಾಜ್ದಾದವರ ಮಿಯಾಟಾ. 1989ರ ಫೆಬ್ರವರಿಯಲ್ಲಿ ಶಿಕಾಗೊ ಮೋಟಾರು ಮೇಳದಲ್ಲಿ ಮೊದಲ ಸಲ ತೋರಿಸಿದ್ದು, ಹಿರೋಷಿಮಾದಲ್ಲಿ ತಯಾರಾಗುವುದು, 2016ರ ಹೊತ್ತಿಗೆ ಹತ್ತು ಲಕ್ಷ ಕಾರು ಹೊರಬಂದಿತ್ತು. ಎರಡೇ ಬಾಗಿಲು, ಎರಡೇ ಸೀಟು, ಬಟ್ಟೆಯ ಮಾಡನ್ನು ಒಂದು ಕೈಯಲ್ಲಿ ಮಡಚಿ ಹಿಂದಕ್ಕೆ ಎಸೆಯಬಹುದು. ನಾನು ಕಣ್ಣು ಹಾಕಿದ್ದು ಮೂರನೇ ತಲೆಮಾರಿನ 2012ರ ಮಾಡೆಲ್: ಎರಡು ಲೀಟರ್ ಎಂಜಿನ್, ಆರು ಗೇರಿನ ಮ್ಯಾನುಯಲ್, 167 ಅಶ್ವಶಕ್ತಿ. ಇವನ್ನೆಲ್ಲ ಆಮೇಲೊಂದು ದಿನ ಹೆಂಡತಿಗೆ ಒಪ್ಪಿಸಿದೆ. ಅಷ್ಟನ್ನೂ ಕೇಳಿಸಿಕೊಂಡು ಅವಳು ಕೇಳಿದ್ದು ಒಂದೇ: "ರೀ, ನಮ್ಮ ಮನೇಲಿ ನಾವೆಷ್ಟು ಜನ?"

ನಾಲ್ಕು ಜನ. ಅತ್ತೆ ಮಾವ ಆರು ತಿಂಗಳ ವೀಸಾದ ಮೇಲೆ ಹಾಸನದಿಂದ ಬರುವವರಿದ್ದರು, ಸೇರಿಸಿದರೆ ಆರು.

ವಿಮೆಯವರ ಕೈಸೇರಿದ ಇಂಥ ಸತ್ತ ಕಾರುಗಳು ಹೋಗುವುದು ಹರಾಜಿಗೆ. ಆ ಹರಾಜಿನ ಲೋಕ ದೊಡ್ಡದು. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಗುಜರಿ ಅಂಗಳವಾಗಿ ಶುರುವಾದ ಕೋಪಾರ್ಟ್ ಎಂಬ ಕಂಪನಿ ಇವತ್ತು ನಮ್ಮದೇ ಡಲ್ಲಾಸ್‌ನಲ್ಲಿ ಮುಖ್ಯ ಕಚೇರಿ ಇಟ್ಟುಕೊಂಡು ಹಲವು ದೇಶಗಳಲ್ಲಿ ಇದೇ ವ್ಯಾಪಾರ ಮಾಡುತ್ತದೆ. ನಾನು ಎಲ್ಲಿ ಕೊಂಡೆ ಎನ್ನುವುದು ಬೇಡ. ಇಂಥ ಕಡೆಗಳಲ್ಲಿ ಪ್ರತಿ ಕಾರಿಗೂ ನಾಲ್ಕೂ ದಿಕ್ಕಿನ ಫೋಟೊ ಹಾಕಿ, ಮುಖ್ಯ ಪೆಟ್ಟು ಎಲ್ಲಿ, ಎರಡನೆಯದು ಎಲ್ಲಿ ಎಂದು ಬರೆದಿರುತ್ತಾರೆ. ನನ್ನ ಕಾರಿನ ಮುಂದೆ 'ರನ್ ಅಂಡ್ ಡ್ರೈವ್' ಎಂದಿತ್ತು. ನಾನು ಅದನ್ನು 'ಓಡಿಸಿಕೊಂಡು ಹೋಗಬಹುದು' ಎಂದು ಓದಿಕೊಂಡೆ. ಅವರ ಅರ್ಥ ಬೇರೆ: ಅಂಗಳಕ್ಕೆ ಬಂದ ದಿನ ಎಂಜಿನ್ ಸ್ಟಾರ್ಟ್ ಆಗಿ, ಗೇರು ಬಿದ್ದು, ಕಾರು ನಾಲ್ಕು ಮಾರು ಮುಂದೆ ಹೋಗಿತ್ತು. ಅಷ್ಟು ದೂರ ಹೋಗಿ ಸುಸ್ತಾಗಿ ನಿಂತದ್ದು ನಮ್ಮ ಮನೆಗೆ ಬರುವವರೆಗೂ ಎದ್ದಿರಲಿಲ್ಲ.

ಆಫೀಸಿನ ಬೆಳಗಿನ ಮೀಟಿಂಗಿನಲ್ಲಿ ಮ್ಯೂಟ್ ಒತ್ತಿಕೊಂಡು ಕೂಗಿದೆ. ಹರಾಜು ಕೂಗಿದೆ ಅಂತ. 3,200 ಡಾಲರಿಗೆ ಬಂತು. ಆಮೇಲೆ ಕೊಂಡವನ ಶುಲ್ಕ, ಗೇಟು ದಾಟಿಸುವ ಶುಲ್ಕ, ಕಾಗದಪತ್ರದ ಶುಲ್ಕ, ಬೇಗ ಒಯ್ಯದಿದ್ದರೆ ದಿನಬಾಡಿಗೆ, ಎಲ್ಲ ಸೇರಿ ಇನ್ನೊಂದು ಎಂಟು ನೂರು ಎಗರಿತು. ಟೋ ಲಾರಿಗೆ 250. ಹೀಗಾದರೂ ನಾಲ್ಕು ಸಾವಿರ ಚಿಲ್ಲರೆ. ಪೆಟ್ಟೇ ಬೀಳದ ಅದೇ ಮಾಡೆಲ್ ಕಾರು ಪೇಟೆಯಲ್ಲಿ ಸುಮಾರು 13,000. ಎಂಟೂ ಮುಕ್ಕಾಲು ಸಾವಿರ ಉಳಿಯಿತು ಎಂಬ ನನ್ನ ಲೆಕ್ಕ ಅಂದು ಬೆಳಗ್ಗೆ ಎಷ್ಟು ಸುಂದರವಾಗಿತ್ತೆಂದರೆ ಮಧ್ಯಾಹ್ನ ಊಟ ಸೇರಲಿಲ್ಲ.

ಹೆಂಡತಿಗೆ ವಿಷಯ ಗೊತ್ತಾದದ್ದು ಟೋ ಲಾರಿಯ ಹಳದಿ ದೀಪ ಊಟದ ಕೋಣೆಯ ಗೋಡೆಯ ಮೇಲೆ ಸುತ್ತಿದಾಗ. ಅವಳು ಅಕೌಂಟೆಂಟ್. ಕೂಗಾಡುವ ಜಾತಿಯಲ್ಲ. ಹೊರಗೆ ಬಂದು, ಬಾನೆಟ್ಟು ಮುದುಡಿ ಗುಡಿಸಲಾಗಿ ನಿಂತಿದ್ದ ಕಾರನ್ನು ಒಂದು ಸುತ್ತು ಬಂದಳು. ಮಗಳು ಫೋನಿನಲ್ಲಿ ಫೋಟೊ ತೆಗೆದಳು. ಮಗ, "ಅಪ್ಪ, ಇದು ಯಾರಿಗಾದ್ರೂ ಗುದ್ದಿದ್ದಾ, ಇದಕ್ಕೇ ಯಾರಾದ್ರೂ ಗುದ್ದಿದ್ದಾ?" ಎಂದು ನ್ಯಾಯಾಧೀಶರ ಪ್ರಶ್ನೆ ಕೇಳಿದ. ಹೆಂಡತಿ ಒಳಗೆ ಹೋಗಿ ಲ್ಯಾಪ್‌ಟಾಪು ತೆರೆದು ಹೊಸ ಎಕ್ಸೆಲ್ ಹಾಳೆ ಒಂದಕ್ಕೆ 'ಇವರ ಕಾರು' ಎಂದು ಹೆಸರಿಟ್ಟಳು. 'ನಮ್ಮ' ಅಂತ ಇಡಲಿಲ್ಲ.

ಅಮೆರಿಕದ ಕನ್ನಡಿಗರ ಗ್ಯಾರೇಜು ಎಂದರೆ ಗೊತ್ತಲ್ಲ. ಅಲ್ಲಿ ಕಾರೊಂದನ್ನು ಬಿಟ್ಟು ಎಲ್ಲವೂ ಇರುತ್ತದೆ: ಅಕ್ಕಿ ಮೂಟೆ, ಬೇಳೆ ಡಬ್ಬ, ಎರಡನೇ ಫ್ರಿಜ್ಜು, ದಸರಾ ಗೊಂಬೆಯ ಪೆಟ್ಟಿಗೆ, ಕನ್ನಡ ಸಂಘದ ರಾಜ್ಯೋತ್ಸವದ ಬ್ಯಾನರು. ಅವುಗಳ ನಡುವೆ ಜಾಗ ಮಾಡಿಕೊಂಡು ನಮ್ಮ ಹಳೇ ಸಿಯೆನ್ನಾ ವ್ಯಾನು ಮಲಗುತ್ತಿತ್ತು. ಈಗ ಸಿಯೆನ್ನಾ ಹೊರಗೆ, ಗುಜರಿ ಒಳಗೆ. ದುಡಿಯುವ ಎತ್ತು ಬಯಲಲ್ಲಿ, ಸತ್ತದ್ದು ಕೊಟ್ಟಿಗೆಯಲ್ಲಿ ಎಂದು ಅತ್ತೆ ಬಂದ ಮೇಲೆ ಹೇಳಿದರು. ಅವರು ಅದನ್ನು ಬೈದು ಹೇಳಲಿಲ್ಲ, ಒಗ್ಗರಣೆ ಹಾಕುತ್ತಾ ಸುಮ್ಮನೆ ಹೇಳಿದರು.

ಮಾವ ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಮೆಕ್ಯಾನಿಕ್ಕಾಗಿ ಸೇರಿ ಫೋರ್‌ಮನ್ ಆಗಿ ನಿವೃತ್ತರಾದವರು. ವಿಮಾನದ ಆಯಾಸ ಕಳೆಯುವ ಮೊದಲೇ ಪಂಚೆ ಎತ್ತಿಕಟ್ಟಿ ಗ್ಯಾರೇಜಿಗೆ ಬಂದರು. ಬೆರಳ ಗೆಣ್ಣಿನಿಂದ ಬಾಗಿಲು ತಟ್ಟಿದರು, ಕೆಳಗೆ ಬಗ್ಗಿ ನೋಡಿದರು, ಎದ್ದು ನಿಂತು ನನ್ನ ಮುಖ ನೋಡಿದರು.

"ಅಳಿಯಂದ್ರೇ, ಇದನ್ನ ಯಾರು ಕೊಟ್ಟಿದ್ದು?"

"ಕೊಂಡುಕೊಂಡೆ ಮಾವ. ಹರಾಜಿನಲ್ಲಿ."

ಮಾವ ತಲೆಯಾಡಿಸಿದರು. "ನಮ್ಮ ಡಿಪೋದಲ್ಲೂ ಹೀಗಾದ ಬಸ್ಸು ಬರ್ತಿದ್ವು. ಒಳ್ಳೇ ಪಾರ್ಟು ಕಳಚ್ಕೊಂಡು ಮಿಕ್ಕಿದ್ದನ್ನ ಹರಾಜಿಗೆ ಹಾಕ್ತಿದ್ವಿ. ಇದನ್ನ ದುಡ್ಡು ಕೊಟ್ಟು ಕೊಳ್ಳೋರು ಯಾರಪ್ಪಾ ಅಂತ ಸರ್ವೀಸು ಪೂರ್ತಿ ಯೋಚನೆ ಮಾಡಿದೀನಿ. ನೋಡಿ, ಮನೇಲೇ ಇದ್ದಾರೆ."

ಇಷ್ಟೆಲ್ಲ ಹೇಳಿದ ಮನುಷ್ಯ ಮಾರನೇ ದಿನ ಬೆಳಗ್ಗೆ ಕಾಫಿ ಕುಡಿದು ನನಗಿಂತ ಮೊದಲೇ ಸ್ಪ್ಯಾನರು ಹಿಡಿದಿದ್ದರು. ಡಿಪೋ ಬಿಟ್ಟ ಮೇಲೆ ಅವರಿಗೆ ಬೇಕಾಗಿದ್ದದ್ದು ಇದೇ. ಮಗಳ ಮನೆಗೆ ಬಂದವರನ್ನು ನಯಾಗರಾ ತೋರಿಸಲು ಒಯ್ಯುತ್ತಾರೆ. ನಾನು ಕೆಟ್ಟ ರೇಡಿಯೇಟರು ತೋರಿಸಿದೆ. ಯಾವುದು ಅವರಿಗೆ ಹೆಚ್ಚು ಹಿಡಿಸಿತೆಂದು ಕೇಳಿ ನೋಡಿ.

ಮುಂದಿನ ಪೆಟ್ಟು ಎಂದರೆ ಫೋಟೊದಲ್ಲಿ ಕಾಣುವುದು ಬಂಪರು, ಎರಡು ದೀಪ, ಬಾನೆಟ್ಟು. ಈ ಕಾರಿನ ಬಾನೆಟ್ಟು ಅಲ್ಯೂಮಿನಿಯಮ್ಮಿನದು. ಉಕ್ಕಿನ ತಗಡಾದರೆ ಬಡಿದು ಸಪಾಟು ಮಾಡುವ ಧೈರ್ಯ ಮಾವನಿಗಿತ್ತು. ಅಲ್ಯೂಮಿನಿಯಮ್ಮನ್ನು ಬಡಿದರೆ ಹಿಗ್ಗಿ ಕೂರುತ್ತದೆ, ಆಮೇಲೆ ಹಿಂದಕ್ಕೆ ಬರುವುದಿಲ್ಲ. ಅದನ್ನು ಕೊಳ್ಳಲೇಬೇಕು. ಬಂಪರು ಕಳಚಿದರೆ ಅದರ ಹಿಂದಿನ ಅಡ್ಡಪಟ್ಟಿ ಸೊಟ್ಟ. ಅಡ್ಡಪಟ್ಟಿ ಕಳಚಿದರೆ ಎಸಿಯ ಕಂಡೆನ್ಸರು ಒಡೆದಿದೆ. ಅದರ ಹಿಂದೆ ರೇಡಿಯೇಟರು, ಅದರ ಹಿಂದೆ ಫ್ಯಾನು. ದೀಪದ ಗಾಜು ನೆಟ್ಟಗಿದ್ದರೂ ಅದನ್ನು ಹಿಡಿದು ನಿಲ್ಲಿಸುವ ಪ್ಲಾಸ್ಟಿಕ್ ಕಿವಿಗಳು ಮುರಿದಿವೆ, ಕಿವಿ ಬೇರೆ ಮಾರುವುದಿಲ್ಲ, ದೀಪವನ್ನೇ ಕೊಳ್ಳಬೇಕು. ಒಂದು ಕಳಚಿದಂತೆ ಇನ್ನೊಂದು ಕಾಣುತ್ತ ಹೋಯಿತು, ಎಕ್ಸೆಲ್ ಹಾಳೆ ಕೆಳಕ್ಕೆ ಕೆಳಕ್ಕೆ ಬೆಳೆಯುತ್ತ ಹೋಯಿತು. ಹರಾಜಿನಲ್ಲಿ ಕಾರಿನ ಫೋಟೊ ತೆಗೆಯುತ್ತಾರೆ, ಬಂಪರಿನ ಹಿಂದಕ್ಕೆ ಕ್ಯಾಮೆರಾ ಇಳಿಸುವುದಿಲ್ಲ.

ನನಗೆ ಗೊತ್ತಿಲ್ಲದೆ ಮಾವ ಒಂದು ಸಂಜೆ ಅತ್ತೆಯ ರಂಗೋಲಿ ಡಬ್ಬ ತಂದರು. ಈ ಕಾರಿಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್ಸು. ಅದು ಸೊಟ್ಟಗಿದ್ದರೆ ಮೇಲೆ ಎಂಥ ಬಣ್ಣ ಬಳಿದರೂ ಕಾರು ಒಂದು ಕಡೆಗೆ ಎಳೆಯುತ್ತದೆ, ಟೈರು ಒಂದೇ ಬದಿ ಸವೆಯುತ್ತದೆ. ಮಾವ ಕಾರಿನ ಅಡಿಯಲ್ಲಿ ಎಡಕ್ಕೆ ಬಲಕ್ಕೆ ಒಂದೇ ಬಗೆಯ ತೂತುಗಳನ್ನು ಹುಡುಕಿ, ಒಂದೊಂದಕ್ಕೂ ದಾರ ಕಟ್ಟಿ, ದಾರದ ತುದಿಗೆ ನಟ್ಟು ಇಳಿಬಿಟ್ಟು, ಅದು ಅಲುಗಾಡದೆ ನಿಂತ ಕಡೆ ನೆಲದ ಮೇಲೆ ರಂಗೋಲಿಯ ಚುಕ್ಕಿ ಇಟ್ಟರು. ಕಾರನ್ನು ಹಿಂದಕ್ಕೆ ತಳ್ಳಿಸಿದರು. ಸಿಮೆಂಟಿನ ಮೇಲೆ ನಾಲ್ಕು ಬಿಳಿ ಚುಕ್ಕಿ ಉಳಿದವು. ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಅಳೆದರು, ಇನ್ನೊಂದು ಮೂಲೆಯಿಂದ ಅಳೆದರು. ಎರಡೂ ಒಂದೇ ಬರಬೇಕು. ಒಂದು ಬೆರಳಗಲ ವ್ಯತ್ಯಾಸ ಬಂತು. "ಅಳಿಯಂದ್ರೇ, ಮುಂದಿನ ಎಡಗಡೆ ಕಂಬಿ ಒಳಕ್ಕೆ ಹೋಗಿದೆ. ಇದು ನಮ್ಮಿಬ್ಬರ ಕೈಲಿ ಆಗೋ ಕೆಲಸ ಅಲ್ಲ, ಎಳೆಯೋ ಮಿಶನ್ನಿಗೆ ಹಾಕ್ಬೇಕು" ಎಂದರು. ಆಮೇಲೆ ಬಾಡಿ ಅಂಗಡಿಯವನು ಲೇಸರು ಹಿಡಿದು ಅಳೆದು ಅದನ್ನೇ ಹೇಳಿದ, 900 ಡಾಲರು ತೆಗೆದುಕೊಂಡ. ರಂಗೋಲಿ ಪುಡಿ ಅರ್ಧ ಡಬ್ಬ ಖಾಲಿಯಾಗಿದ್ದಕ್ಕೆ ಅತ್ತೆ ಮಾತ್ರ ಇಬ್ಬರನ್ನೂ ಬೈದರು.

ಹೆಂಡತಿ ಇಡೀ ಪ್ರಕರಣದಲ್ಲಿ ಹಾಕಿದ ಷರತ್ತು ಒಂದೇ, ಅದು ಏರ್‌ಬ್ಯಾಗಿನದು. ಮುಂದಿನ ಎರಡೂ ಏರ್‌ಬ್ಯಾಗು ಸಿಡಿದು, ಸ್ಟಿಯರಿಂಗಿನಿಂದ ಒಂದು, ಡ್ಯಾಶ್‌ಬೋರ್ಡಿನಿಂದ ಒಂದು ಜೋತುಬಿದ್ದಿದ್ದವು. ಇಲ್ಲಿ ನಗುವ ವಿಷಯ ಏನೂ ಇಲ್ಲ. ಸತ್ತ ಕಾರನ್ನು ಎಬ್ಬಿಸಿ ಮಾರುವ ಕೆಲವರು ದುಬಾರಿ ಏರ್‌ಬ್ಯಾಗಿನ ಜಾಗದಲ್ಲಿ ಹಳೇ ಬಟ್ಟೆ, ಕಾಗದ ತುರುಕಿ ಮುಚ್ಚಳ ಅಂಟಿಸುತ್ತಾರೆ, ಡ್ಯಾಶ್‌ಬೋರ್ಡಿನ ಕೆಂಪು ದೀಪ ಉರಿಯದಂತೆ ತಂತಿಗೆ ಒಂದು ರೆಸಿಸ್ಟರು ಸಿಕ್ಕಿಸುತ್ತಾರೆ. ಇನ್ನು ಕೆಲವರು ಅಗ್ಗದ ನಕಲಿ ಏರ್‌ಬ್ಯಾಗು ಹಾಕುತ್ತಾರೆ. ಅಗ್ಗದ ಇನ್‌ಫ್ಲೇಟರುಗಳು ಡಿಕ್ಕಿಯಾದಾಗ ಉಬ್ಬುವ ಬದಲು ಒಡೆದು, ಲೋಹದ ಚೂರುಗಳನ್ನು ಎದೆಗೂ ಕುತ್ತಿಗೆಗೂ ಎರಚಿ ಜನ ಸತ್ತಿದ್ದಾರೆ ಎಂದು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ 2024ರಲ್ಲಿ ಎಚ್ಚರಿಕೆ ಹೊರಡಿಸಿತು. ಅಂತರಜಾಲದಲ್ಲಿ ನೂರೈವತ್ತಕ್ಕೆ ಸಿಗುತ್ತದೆ ಎಂದು ನಾನು ಬಾಯಿ ತೆರೆದಿದ್ದೆ. ಹೆಂಡತಿ ಪರದೆಯಿಂದ ತಲೆ ಎತ್ತದೆ, "ಏರ್‌ಬ್ಯಾಗು ಡೀಲರ್ ಹತ್ರಾನೇ, ಹೊಸದೇ. ಇಲ್ಲದಿದ್ದರೆ ಆ ಕಾರಲ್ಲಿ ನೀವೊಬ್ಬರೇ ಕೂತ್ಕೊಳ್ಳಿ. ಕೂತ್ಕೊಳ್ಳೋಕೆ ಮೊದಲು ನಿಮ್ಮ ಇನ್ಶೂರೆನ್ಸ್ ಪಾಸ್‌ವರ್ಡ್ ಬರೆದುಕೊಡಿ" ಎಂದಳು.

ಸರಿ, ಹೊಸದೇ ತರಿಸಿದೆವು. ಬರೀ ಚೀಲ ಎರಡು ಅಲ್ಲ: ಡಿಕ್ಕಿಯ ಕ್ಷಣದಲ್ಲಿ ಸೀಟ್‌ಬೆಲ್ಟನ್ನು ಗಕ್ಕನೆ ಹಿಂದಕ್ಕೆ ಸೆಳೆಯಲು ಅದರೊಳಗೆ ಒಂದು ಸಣ್ಣ ಸಿಡಿಮದ್ದು ಇರುತ್ತದೆ, ಅದೂ ಒಮ್ಮೆ ಸಿಡಿದರೆ ಮುಗಿಯಿತು, ಬೆಲ್ಟೂ ಹೊಸದು. ಏರ್‌ಬ್ಯಾಗಿನ ಪುಟ್ಟ ಕಂಪ್ಯೂಟರು ತನ್ನ ಹೊಟ್ಟೆಯಲ್ಲಿ ಅಪಘಾತದ ನೆನಪು ಬರೆದಿಟ್ಟುಕೊಂಡಿರುತ್ತದೆ, ಅದನ್ನೂ ಬದಲಿಸಬೇಕು. ಬ್ಯಾಟರಿ ತಂತಿ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ ಎಂದು ಓದಿದ್ದ ನಾನು ಹಳದಿ ಕನೆಕ್ಟರುಗಳ ಮುಂದೆ ಕೈಕಟ್ಟಿ ಕಾದೆ. ಮಾವ ಹೊರಗೆ ಹೋಗಿ ನಿಂತರು. ಅವರ ಕಾಲದ ಬಸ್ಸುಗಳಲ್ಲಿ ಸಿಡಿಯುವ ವಸ್ತು ಎಂದರೆ ಟೈರು ಮಾತ್ರ.

ಈ ನಡುವೆ ಭಾನುವಾರದ ಗೆಳೆಯರು. ಸಂಘದ ಅರ್ಧ ಜನ ಕಾಫಿ ನೆಪದಲ್ಲಿ ಬಂದು ಗ್ಯಾರೇಜಿನಲ್ಲಿ ನಿಂತು ಸಲಹೆ ಕೊಟ್ಟು ಹೋದರು. ಹ್ಯೂಸ್ಟನ್‌ನಲ್ಲಿದ್ದ ಒಬ್ಬರು ಮಾತ್ರ ತೂಕದ ಮಾತಾಡಿದರು. ಅವರು 2017ರ ಹಾರ್ವಿ ಚಂಡಮಾರುತ ನೋಡಿದವರು. ಲಕ್ಷಾಂತರ ಕಾರು ಮುಳುಗಿದ ಮಳೆ ಅದು. ಗುದ್ದಿಕೊಂಡ ಕಾರಿನ ರೋಗ ಕಣ್ಣಿಗೆ ಕಾಣುತ್ತದೆ, ಮುಳುಗಿದ ಕಾರಿನದು ಕಾಣುವುದಿಲ್ಲ ಎಂದರು. ತೊಳೆದು ಒಣಗಿಸಿದರೆ ಹೊಸದರಂತೆ ಹೊಳೆಯುತ್ತದೆ, ಆದರೆ ತಂತಿಗಳೊಳಗೆ ತುಕ್ಕು ಹಿಡಿಯುತ್ತಲೇ ಇದ್ದು, ಎರಡು ವರ್ಷ ಬಿಟ್ಟು ಒಂದು ರಾತ್ರಿ ಹೆದ್ದಾರಿಯಲ್ಲಿ ಎಲ್ಲ ದೀಪ ಒಟ್ಟಿಗೆ ಹೋಗುತ್ತವೆ. ಅಂಥದನ್ನು ಹಿಡಿಯುವ ಉಪಾಯವನ್ನೂ ಹೇಳಿದರು: ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ಸುರುಳಿಯ ಬುಡದಲ್ಲಿ ಕೆಸರಿನ ಗೆರೆ ಸಿಗುತ್ತದೆ. ಮಾರುವವರು ಕಾರನ್ನೆಲ್ಲ ತೊಳೆದರೂ ಅಲ್ಲಿಯವರೆಗೆ ಹೋಗುವುದಿಲ್ಲ. ಬೆಂಗಳೂರಿನಲ್ಲಿ ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವವರೂ ಈ ಒಂದು ಮಾತನ್ನು ಗಂಟು ಹಾಕಿಕೊಳ್ಳಬಹುದು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು ಕಡೆ ಬೇಸ್‌ಮೆಂಟುಗಳಲ್ಲಿ ತೇಲಿದ ಕಾರುಗಳೆಲ್ಲ ಈಗ ಎಲ್ಲಿ ಓಡುತ್ತಿವೆಯೋ. ಅಲ್ಲೂ ರಿಪೇರಿ ಖರ್ಚು ವಿಮೆಯಲ್ಲಿ ನಮೂದಿಸಿದ ಬೆಲೆಯ ಶೇ. 75 ದಾಟಿದರೆ ಟೋಟಲ್ ಲಾಸು ಎನ್ನುವುದೇ ರೂಢಿ.

ಬಡಾವಣೆಯ ಸಂಘದಿಂದ ಒಂದು ಪತ್ರವೂ ಬಂತು, ಫೋಟೊ ಸಮೇತ. ನಮ್ಮ ಮನೆಯ ಮುಂದೆ ಬಂಪರೊಂದು ಹುಲ್ಲಿನ ಮೇಲೆ ಬಿಸಿಲು ಕಾಯಿಸುತ್ತಿದ್ದ ಫೋಟೊ. ಪಕ್ಕದಲ್ಲಿ ಪಂಚೆ, ಬನಿಯನ್ನಿನಲ್ಲಿ ಮಾವ. ಯಾವುದರ ಬಗ್ಗೆ ದೂರು ಎಂದು ಪತ್ರದಲ್ಲಿ ಸ್ಪಷ್ಟವಿರಲಿಲ್ಲ, ನಾವು ಎರಡನ್ನೂ ಒಳಗೆ ಕರೆದುಕೊಂಡೆವು.

ಹೀಗೆ ಕೆಲಸ ಸಾಗುತ್ತಿರುವಾಗ ಆಲಿಕಲ್ಲು ಬಿತ್ತು. ಉತ್ತರ ಟೆಕ್ಸಾಸ್‌ನಲ್ಲಿ ವಸಂತ ಎಂದರೆ ಕೋಗಿಲೆ ಅಲ್ಲ, ಆಲಿಕಲ್ಲು. ಸಂಜೆ ಆಕಾಶ ಹಸಿರು ಬಣ್ಣಕ್ಕೆ ತಿರುಗಿತು, ಫೋನುಗಳೆಲ್ಲ ಒಟ್ಟಿಗೆ ಕಿರುಚಿದವು, ಮಾಡಿನ ಮೇಲೆ ಯಾರೋ ಜಲ್ಲಿ ಸುರಿದ ಸದ್ದು. ಗ್ಯಾರೇಜಿನೊಳಗೆ, ಚಾವಣಿಯ ಕೆಳಗೆ, ಅಕ್ಕಿ ಮೂಟೆಯ ಆಸರೆಯಲ್ಲಿ, ಮೂತಿಯಿಲ್ಲದ ಮಿಯಾಟಾ ಬೆಚ್ಚಗೆ ಕೂತಿತ್ತು. ಹೊರಗೆ, ಇಡೀ ಸಂಸಾರವನ್ನು ಶಾಲೆಗೆ, ಆಫೀಸಿಗೆ, ದೇವಸ್ಥಾನಕ್ಕೆ, ವಿಮಾನ ನಿಲ್ದಾಣಕ್ಕೆ ಹೊತ್ತ ಸಿಯೆನ್ನಾ ನಿಂತು ಹೊಡೆಸಿಕೊಳ್ಳುತ್ತಿತ್ತು. ಕಿಟಕಿಯ ಹತ್ತಿರ ನಿಂತು ಮನೆಯವರೆಲ್ಲ ಅದನ್ನು ನೋಡಿದರು. ಆಮೇಲೆ ಎಲ್ಲರೂ ನನ್ನನ್ನು ನೋಡಿದರು.

ವಿಮೆಯವನು ಬಂದ. ಒಂದೊಂದು ತಗಡಿನ ಮೇಲೂ ಬೆಳಕು ಹಿಡಿದು ತಗ್ಗು ಎಣಿಸಿದ. ಇವರಿಗೆ ತಗ್ಗಿನ ಅಳತೆ ನಾಣ್ಯದಲ್ಲಿ: ಡೈಮಿನಷ್ಟು ಎಷ್ಟು, ನಿಕ್ಕಲಿನಷ್ಟು ಎಷ್ಟು, ಕ್ವಾರ್ಟರಿನಷ್ಟು ಎಷ್ಟು. ಬಾನೆಟ್ಟಿನ ಮೇಲೇ ಹತ್ತಿಪ್ಪತ್ತು ಡಾಲರಿನ ಚಿಲ್ಲರೆ ಇತ್ತು. ಎಣಿಸಿ ಮುಗಿಸಿ, ಕೂಡಿಸಿ, ವ್ಯಾನು ಹಳೆಯದು, ತಗ್ಗು ತೆಗೆಸುವ ಖರ್ಚು ಅದರ ಬೆಲೆಗಿಂತ ಹೆಚ್ಚು, ಆದ್ದರಿಂದ ಟೋಟಲ್ ಲಾಸು ಎಂದ. ಇಷ್ಟರಲ್ಲೇ ನನ್ನ ಕಣ್ಣು ಹೊಳೆದದ್ದನ್ನು ಹೆಂಡತಿ ಗಮನಿಸಿದಳಂತೆ. ಮಾಲೀಕರು ಬೇಕಾದರೆ ಗಾಡಿಯನ್ನು ತಾವೇ ಇಟ್ಟುಕೊಳ್ಳಬಹುದು, ಗುಜರಿ ಬೆಲೆ ಮುರಿದುಕೊಂಡು ಉಳಿದ ದುಡ್ಡು ಕೊಡುತ್ತೇವೆ ಎಂದು ಅವನು ಮಾತು ಮುಂದುವರಿಸಿದ. "ಮಾವ, ಈ ತಗ್ಗು ನಾವೇ ಒಳಗಿನಿಂದ ತಳ್ಳಿ..." ಎಂದು ನಾನು ಶುರು ಮಾಡಿದೆ.

ಹೆಂಡತಿ ಕೈ ಎತ್ತಿದಳು. ನಾನು ನಿಲ್ಲಿಸಿದೆ. ಅವಳು ವಿಮೆಯವನನ್ನು ಕೇಳಿದಳು: ಎಂಜಿನಿಗೆ ಏನಾದರೂ ಆಗಿದೆಯಾ? ಇಲ್ಲ. ಗಾಜು? ಒಡೆದಿಲ್ಲ. ಬಾಗಿಲು ಸರಿಯಾಗಿ ಹಾಕಿಕೊಳ್ಳುತ್ತದಾ? ಹಾಕಿಕೊಳ್ಳುತ್ತದೆ. "ಹಾಗಾದರೆ ಇಟ್ಟುಕೊಳ್ತೀವಿ" ಎಂದಳು. ಐದು ಸಾವಿರ ಚಿಲ್ಲರೆ ಡಾಲರಿನ ಚೆಕ್ಕು ಬಂತು, ನೇರ ಮಗಳ ಕಾಲೇಜಿನ ಖಾತೆಗೆ ಹೋಯಿತು. ಒಂದು ತಗ್ಗನ್ನೂ ತೆಗೆಸಲಿಲ್ಲ. ಮೈತುಂಬ ಸಿಡುಬಿನ ಕಲೆ ಹೊತ್ತ ಸಿಯೆನ್ನಾ ಮಾರನೇ ದಿನ ಬೆಳಗ್ಗೆ ಎಂದಿನಂತೆ ಮಕ್ಕಳನ್ನು ಶಾಲೆಗೆ ಬಿಟ್ಟು ಬಂತು.

ಮಿಯಾಟಾ ಕೂಡ ಕೊನೆಗೆ ಎದ್ದಿತು. ಟೆಕ್ಸಾಸ್‌ನಲ್ಲಿ ಸತ್ತ ಕಾರಿಗೆ ಮತ್ತೆ ಜೀವ ಬಂದಿದೆ ಎಂದು ಸರ್ಕಾರವನ್ನು ನಂಬಿಸುವ ವಿಧಾನ ಕೇಳಿ. ವಿಟಿಆರ್-61 ಎಂಬ ಫಾರಂ ಇದೆ. ಏನು ಕೆಟ್ಟಿತ್ತು, ಏನು ಸರಿ ಮಾಡಿದೆ, ಪಾರ್ಟು ಎಲ್ಲಿಂದ ತಂದೆ ಎಂದು ನಾನೇ ಬರೆದು ನಾನೇ ಸಹಿ ಹಾಕಬೇಕು. ಮಾಮೂಲಿ ಶುಲ್ಕದ ಮೇಲೆ 65 ಡಾಲರು. ಖಾಸಗಿ ಕಾರುಗಳಿಗೆ ಪ್ರತಿ ವರ್ಷ ಮಾಡುತ್ತಿದ್ದ ಸುರಕ್ಷತಾ ತಪಾಸಣೆಯನ್ನೂ ಈ ರಾಜ್ಯ 2025ರ ಜನವರಿ 1ರಿಂದ ತೆಗೆದುಹಾಕಿದೆ, ಡಲ್ಲಾಸ್ ಸುತ್ತಮುತ್ತಲಿನ ಕೌಂಟಿಗಳಲ್ಲಿ ಹೊಗೆ ಪರೀಕ್ಷೆ ಮಾತ್ರ ಉಳಿದಿದೆ. ಕ್ಯಾಲಿಫೋರ್ನಿಯಾದಲ್ಲಾದರೆ ಬ್ರೇಕು, ದೀಪ, ಎಲ್ಲ ನೋಡಿ ಪತ್ರ ಕೊಟ್ಟರಷ್ಟೇ ರಸ್ತೆಗೆ ಬಿಡುತ್ತಾರೆ. ಇಲ್ಲಿ ನನ್ನ ಮಾತಿಗೇ ಬೆಲೆ. ನನ್ನ ಕೆಲಸದ ಮೇಲೆ ಟೆಕ್ಸಾಸ್ ಸರ್ಕಾರಕ್ಕಿರುವ ನಂಬಿಕೆ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಮೊದಲ ಸವಾರಿಗೆ ಮಾವ ಒಬ್ಬರೇ ಧೈರ್ಯ ಮಾಡಿದ್ದು. ಅತ್ತೆ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು, ಐದನೆಯದನ್ನು ಯೋಚಿಸಿ ನನ್ನ ಕೈಗೆ ಕೊಟ್ಟರು. ಮಾಡು ಮಡಚಿ, ಹೆದ್ದಾರಿಯ ಪಕ್ಕದ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಎಳೆದಾಗ ಮಾವ ಮಫ್ಲರು ಹಿಡಿದುಕೊಂಡು "ಹೋಯ್!" ಎಂದರು. ಹಿಂದಿರುಗಿದ ಮೇಲೆ ಸೀಟು ಅಷ್ಟು ತಗ್ಗಾಗಿದ್ದರಿಂದ ಅವರನ್ನು ಹೊರಗೆಳೆಯಲು ನಾನು, ಮಗ, ಪಕ್ಕದ ಮನೆಯವನು ಮೂವರೂ ಬೇಕಾಯಿತು.

ಮಾವ ಅತ್ತೆ ಊರಿಗೆ ಹೊರಟ ವಾರ ಹೆಂಡತಿ ಎಕ್ಸೆಲ್ ಹಾಳೆ ಮುಂದಿಟ್ಟಳು. ಹರಾಜು, ಶುಲ್ಕ, ಟೋ ಸೇರಿ 4,250. ಪಾರ್ಟುಗಳು 4,100, ಅದರಲ್ಲಿ ಸಿಂಹಪಾಲು ಏರ್‌ಬ್ಯಾಗು ಬೆಲ್ಟಿನದು. ಬಣ್ಣ 1,900. ಎಳೆಯುವ ಮಿಶನ್ನು 900. ಇನ್ನು ಮೇಲೆ ಬೇಕಾಗದ ಸಲಕರಣೆಗಳು 700. ತೆರಿಗೆ, ಫಾರಂ ಸೇರಿ ಮುನ್ನೂರರ ಹತ್ತಿರ. ಒಟ್ಟು 12,150. ಪೆಟ್ಟು ಬೀಳದ ಕಾರಿಗಿಂತ 850 ಡಾಲರು ಕಡಿಮೆ ಎಂದು ನಾನು ಮೀಸೆ ತಿರುವಿದೆ.

"ಕೂಲಿ ಅಂತ ಒಂದು ಸಾಲು ಖಾಲಿ ಇದೆ. ಎಷ್ಟು ಗಂಟೆ ಕೆಲಸ ಮಾಡಿದ್ರಿ ಹೇಳಿ, ಟೆಕ್ಸಾಸಿನ ಕನಿಷ್ಠ ಕೂಲಿ ಗಂಟೆಗೆ 7.25 ಹಾಕ್ತೀನಿ. ಅಪ್ಪನಿಗೂ ಅಷ್ಟೇ" ಎಂದಳು.

ನಾನು ಗಂಟೆ ಹೇಳಲಿಲ್ಲ. ಈ ವ್ಯಾಪಾರದ ಗುಟ್ಟು ಆ ಖಾಲಿ ಸಾಲಿನಲ್ಲೇ ಇದೆ. ವಿಮೆ ಕಂಪನಿಯಲ್ಲಿ ಹೊಟ್ಟೆಪಾಡಿಗೆ ಲೆಕ್ಕ ಮಾಡುವ ಜನರಿದ್ದಾರೆ. ರಿಪೇರಿ ಗಿಟ್ಟುವಂತಿದ್ದರೆ ಅವರೇ ಮಾಡಿಸುತ್ತಿದ್ದರು. ಅವರ ಲೆಕ್ಕದಲ್ಲಿ ಮೆಕ್ಯಾನಿಕ್ಕಿನ ಕೂಲಿ ಇರುತ್ತದೆ, ನನ್ನದರಲ್ಲಿ ಇರುವುದಿಲ್ಲ. ಅವರು ಕಳೆದುಕೊಂಡೆವು ಎಂದ ಕಡೆ ನಾನು ಗಳಿಸಿದೆ ಎನ್ನುವುದು ನನ್ನದೇ ಬಿಟ್ಟಿ ದುಡಿಮೆಯನ್ನು, ಜತೆಗೆ ಒಬ್ಬ ನಿವೃತ್ತ ಫೋರ್‌ಮನ್ನರ ದುಡಿಮೆಯನ್ನು. ಮೇಲೆ ಈ ಕಾರಿನ ಕಾಗದದಲ್ಲಿ ರೀಬಿಲ್ಟ್ ಎಂಬ ಮುದ್ರೆ ಇರುವವರೆಗೂ ಪೇಟೆಯವರು ಬೆಲೆಯಲ್ಲಿ ಐದನೇ ಒಂದು ಪಾಲಾದರೂ, ಕೆಲವೊಮ್ಮೆ ಇನ್ನೂ ಹೆಚ್ಚು, ಮುರಿಯುತ್ತಾರೆ. ಬ್ಯಾಂಕಿನವರು ಸಾಲ ಕೊಡಲು ಹಿಂದೆ ಮುಂದೆ ನೋಡುತ್ತಾರೆ. ನಾನು ಕೇಳಿದ ವಿಮೆಯವರಲ್ಲಿ ಹೆಚ್ಚಿನವರು ಎದುರಿನವನಿಗಾಗುವ ನಷ್ಟಕ್ಕೆ ಮಾತ್ರ ಪಾಲಿಸಿ ಕೊಟ್ಟರು, ನನ್ನ ಕಾರಿಗೆ ಏನಾದರೂ ಆದರೆ ಅದು ನನ್ನ ಹಣೆಬರಹ. 12,150 ಹಾಕಿದ ಕಾರನ್ನು ಇವತ್ತು ಮಾರಿದರೆ ಒಂಬತ್ತು ಸಾವಿರ ಬಂದರೆ ಹೆಚ್ಚು. ಮಾರುವ ಮಾತು ಬಂದಾಗಲೆಲ್ಲ ನನಗೆ ತುರ್ತಾಗಿ ಎಲ್ಲಿಗೋ ಹೋಗಬೇಕಾಗುತ್ತದೆ, ಮಿಯಾಟಾದಲ್ಲೇ.

ಹಾಗಾದರೆ ಸತ್ತ ಸ್ಪೋರ್ಟ್ಸ್ ಕಾರು ಕೊಳ್ಳಬಹುದೇ ಎಂದು ಕೇಳುವವರಿಗೆ ನನ್ನ ತೀರ್ಪು ಇಷ್ಟು. ಮುಳುಗಿದ್ದನ್ನು ಮುಟ್ಟಲೇಬೇಡಿ. ಏರ್‌ಬ್ಯಾಗು ಸಿಡಿದಿದ್ದರೆ, ಹೊಸ ಏರ್‌ಬ್ಯಾಗಿನ ಬೆಲೆಯನ್ನು ಡೀಲರಿಗೆ ಫೋನು ಮಾಡಿ ಕೇಳಿ ಆಮೇಲೆ ಹರಾಜು ಕೂಗಿ. ಲಾಭಕ್ಕೆ ಕೊಳ್ಳುವುದಾದರೆ ಕೊಳ್ಳಬೇಡಿ. ಮೈಮುರಿದು ಮಾಡುವ ಕೆಲಸವೇ ಬೇಕು, ಮಾರುವುದಿಲ್ಲ, ಮನೆಯಲ್ಲಿ ಇನ್ನೊಂದು ಗಾಡಿ ಇದೆ, ಗ್ಯಾರೇಜಿನಲ್ಲಿ ಎರಡಕ್ಕೂ ಜಾಗವಿದೆ ಎಂದಾದರೆ ಕೊಳ್ಳಿ, ಚೆನ್ನಾಗಿರುತ್ತದೆ. ಟೋಟಲ್ ಆದ ಗಾಡಿಯಿಂದ ದುಡ್ಡನ್ನೇ ಮಾಡಬೇಕೆನ್ನುವವರು ನನ್ನ ಹೆಂಡತಿಯನ್ನು ಕೇಳುವುದು ಒಳ್ಳೆಯದು. ನಮ್ಮ ಮನೆಯಲ್ಲಿ ಅದನ್ನು ಮಾಡಿದವಳು ಅವಳೊಬ್ಬಳೇ, ಅದೂ ಒಂದು ಸ್ಪ್ಯಾನರು ಮುಟ್ಟದೆ.